ಪಂಪಕ್ಕ ಮೊದಲು ಕೇಳುವ ಪ್ರಶ್ನೆ

ಪಂಪಕ್ಕನ ಮನೆಯ ಮುಂದೆ ಡ್ರೈವರಮ್ಮ ವ್ಯಾನು ನಿಲ್ಲಿಸಿದಾಗ ಶನಿವಾರ ಮಧ್ಯಾಹ್ನ ಎರಡು ಗಂಟೆ. ಕೆಟ್ಟ ಗಾಡಿಯನ್ನು ತಾನೇ ಓಡಿಸಿಕೊಂಡು ರಿಪೇರಿಗೆ ಬಂದದ್ದಕ್ಕೆ ಅವಳಿಗೆ ಒಳಗೊಳಗೇ ನಾಚಿಕೆ. ಆದರೆ ಆ ವ್ಯಾನಿನ ರೋಗವೇ ಅಂಥದ್ದು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಿ ಕುದುರೆಯ ಹಾಗೆ ಓಡುವುದು. ಹದಿನೈದು ಕಿಲೋಮೀಟರ್ ಹೋದ ಮೇಲೆ ಮಂಡಿನೋವಿನವರಂತೆ ಕುಂಟಿ ಕುಂಟಿ ನಡುರಸ್ತೆಯಲ್ಲಿ ನಿಂತುಬಿಡುವುದು. ಆಮೇಲೆ ಬ್ಯಾಟರಿ ಸಾಯುವ ತನಕ ಸೆಲ್ಫ್ ಹೊಡೆದರೂ ಇಂಜಿನ್ ಗರಗರ ತಿರುಗುವುದೇ ಹೊರತು ಹತ್ತಿಕೊಳ್ಳುವುದಿಲ್ಲ. ಮೇಸ್ತ್ರಿ ಬಂದು ಕೈಯಾಡಿಸಿದರೆ, ಏನೂ ಆಗಿಯೇ ಇರಲಿಲ್ಲ ಎಂಬಂತೆ ಮತ್ತೆ ಸ್ಟಾರ್ಟ್.

ಅದು ಸಾಮಾನು ಸಾಗಿಸುವ ವ್ಯಾನಾಗಿದ್ದರೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದರಲ್ಲಿ ವಾರಕ್ಕೆ ಮೂರು ದಿನ ಏಳು ಜನ ಕಿಡ್ನಿ ಕೆಟ್ಟವರು ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಒಂದು ದತ್ತಿ ಸಂಸ್ಥೆಯ ವ್ಯಾನು ಅದು. ಆಸ್ಪತ್ರೆ ಮೂವತ್ತು ಕಿಲೋಮೀಟರ್ ದೂರ. ಅಲ್ಲಿ ಒಬ್ಬೊಬ್ಬರಿಗೆ ನಾಲ್ಕು ಗಂಟೆ ಮಿಷನ್ನು. ತಡವಾಗಿ ಬಂದವರಿಗೆ ಅಷ್ಟು ಹೊತ್ತು ಕಡಿಮೆ, ಯಾಕೆಂದರೆ ಮುಂದಿನ ಸರತಿಯವರು ಆಗಲೇ ಬಾಗಿಲಲ್ಲಿ ನಿಂತಿರುತ್ತಾರೆ. ಹೋದ ಬುಧವಾರ ವ್ಯಾನು ಒಂದೂವರೆ ಗಂಟೆ ರಸ್ತೆ ಬದಿಯಲ್ಲಿ ಕೂತಿತ್ತು. ಶುಕ್ರವಾರ ಹತ್ತಿಸಿಕೊಳ್ಳುವಾಗ ಟೀಚರಮ್ಮನ ಪಾದ ಚಪ್ಪಲಿಗೆ ಹಿಡಿಸದಷ್ಟು ಊದಿಕೊಂಡಿತ್ತು. ಟೀಚರಮ್ಮ ಎಂದರೆ ಆ ಏಳು ಜನರಲ್ಲಿ ಹಿರಿಯರು, ನಿವೃತ್ತ ಶಾಲಾ ಶಿಕ್ಷಕಿ. "ನನ್ನ ಕಾಲು ನೋಡ್ಬೇಡ, ರಸ್ತೆ ನೋಡು," ಎಂದಿದ್ದರು ಅವರು, ಡ್ರೈವರಮ್ಮನ ಮುಖ ಸಣ್ಣದಾದದ್ದು ಕಂಡು. ಆ ಶುಕ್ರವಾರವೂ ವ್ಯಾನು ನಿಂತಿತು.

ಅವತ್ತು ಸಂಜೆ ಸಂಸ್ಥೆಯ ಮ್ಯಾನೇಜರ್ ಅವಳನ್ನು ಕರೆದು ಹೇಳಿದ. "ನೋಡಮ್ಮ, ಪಂಪ್ ಹೋಗಿದೆ ಅಂತಾನೆ ಮೇಸ್ತ್ರಿ. ಬಿಚ್ಚಿಸು. ಸೋಮವಾರ ಮತ್ತೆ ನಿಂತರೆ ಕೀ ಹಳೇ ಡ್ರೈವರ್ ಕೈಗೆ ಹೋಗುತ್ತೆ. ಅವನ ಕಾಲದಲ್ಲಿ ಈ ಗಾಡಿ ಒಂದು ದಿನಾನೂ ನಿಂತಿದ್ದಿಲ್ಲ."

ಅದು ನಿಜ. ಹಳೇ ಡ್ರೈವರ್ ಸ್ಟೇರಿಂಗ್ ಬಿಟ್ಟು ಏಳುತ್ತಲೂ ಇರಲಿಲ್ಲ ಎನ್ನುವುದೂ ನಿಜ. ಹತ್ತುವವರು ಹತ್ತಬೇಕು, ಇಳಿಯುವವರು ಇಳಿಯಬೇಕು, ಬಿದ್ದವರು ಏಳಬೇಕು.

ಡ್ರೈವರಮ್ಮ ಮೂವತ್ತನಾಲ್ಕನೇ ವಯಸ್ಸಿಗೆ ಡ್ರೈವಿಂಗ್ ಕಲಿತವಳು. ಅದಕ್ಕೂ ಮುಂಚೆ ಹದಿನಾರು ವರ್ಷ ಆರು ಜನರ ಮನೆಯಲ್ಲಿ ಅಡುಗೆ, ಬಟ್ಟೆ, ಪಾತ್ರೆ, ಅತ್ತೆಯ ಔಷಧಿ, ಮಕ್ಕಳ ಪಾಠ ಎಲ್ಲ ಮಾಡಿದಳು. ಆಗ ನೆಂಟರು ಕೇಳಿದರೆ ಗಂಡ "ಮನೇಲೇ ಇರ್ತಾಳೆ, ಏನೂ ಕೆಲಸ ಇಲ್ಲ" ಎನ್ನುತ್ತಿದ್ದ. ವ್ಯಾನಿನ ಸೀಟಿನಲ್ಲಿ ಕೂತ ದಿನ ಅದೇ ಬಾಯಿ "ಕೆಲಸಕ್ಕೆ ಹೋಗ್ತಾಳೆ" ಎಂದಿತು. ಮನೆಯ ಕೆಲಸ ಒಂದು ಕಡ್ಡಿಯಷ್ಟೂ ಕಡಿಮೆಯಾಗಲಿಲ್ಲ, ಎಲ್ಲವೂ ಬೆಳಗಿನ ಜಾವಕ್ಕೆ ಸರಿದವು, ಅಷ್ಟೇ. ಆದರೂ ಆ ಕೀ ಸೊಂಟದಲ್ಲಿ ಸಿಕ್ಕಿಸಿಕೊಂಡಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಹೀಗೆ ಅವಳು ಪಂಪಕ್ಕನ ಬಾಗಿಲಿಗೆ ಬಂದದ್ದು.

ಡೀಸೆಲ್ ಪಂಪ್ ರಿಪೇರಿ ಮಾಡುವ ಅಕ್ಕ, ಹಾಗಾಗಿ ಪಂಪಕ್ಕ. ಅರವತ್ತರ ಆಸುಪಾಸು, ಸಣ್ಣ ಆಳು, ದಪ್ಪ ಕನ್ನಡಕ. ಸುತ್ತಲಿನ ಗ್ಯಾರೇಜುಗಳ ಮೇಸ್ತ್ರಿಗಳೆಲ್ಲ ತಮ್ಮ ಕೈ ಸೋತ ಪಂಪುಗಳನ್ನು ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಆಸ್ಪತ್ರೆಗೆ ಕರೆತಂದ ಹಾಗೆ ಅವಳ ಮುಂದೆ ತಂದಿಡುತ್ತಾರೆ. ಎಲ್ಲೋ ನೆಲ ಒರೆಸಲು ಹೋಗಿ ಕೆಲಸ ಕಲಿತಳಂತೆ ಎಂದಷ್ಟೇ ಜನಕ್ಕೆ ಗೊತ್ತು. ನಲವತ್ತು ವರ್ಷದ ಅನುಭವ ಇದ್ದರೂ ಮನೆಯಲ್ಲಿ ಮಿಕ್ಸಿ ಕೆಟ್ಟರೆ ಅವಳ ಗಂಡ ಮಾತ್ರ ಈಗಲೂ ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು ಪೇಟೆಗೆ ಹೋಗುತ್ತಾನೆ.

ಗಂಡ ಹಜಾರದಲ್ಲಿ ಪೇಪರ್ ಓದುತ್ತಿದ್ದ. ತಲೆ ಎತ್ತದೆ ಅಡುಗೆಮನೆಯ ಕಡೆ ಬೆರಳು ತೋರಿಸಿದ. ಅಡುಗೆಮನೆ ದಾಟಿದರೆ ಒಂದು ಗಾಜಿನ ಬಾಗಿಲು, ಹೊಸ್ತಿಲ ಮೇಲೆ ಒದ್ದೆ ಗೋಣಿ.

"ಚಪ್ಪಲಿ ಆಚೆ. ಕಾಲು ಗೋಣಿ ಮೇಲೆ ಒರೆಸ್ಕೋ. ಬಾಗಿಲು ತೆಗೆದ ತಕ್ಷಣ ಹಾಕಿಬಿಡು," ಎಂದು ಒಳಗಿನಿಂದ ದನಿ ಬಂತು.

ಡ್ರೈವರಮ್ಮ ಅಂಥ ಗ್ಯಾರೇಜನ್ನು ಕನಸಿನಲ್ಲೂ ಕಂಡಿರಲಿಲ್ಲ. ಬಿಳಿ ಹೆಂಚಿನ ನೆಲ. ಗೋಡೆಗೆ ಎದೆಯೆತ್ತರದವರೆಗೆ ಎಣ್ಣೆ ಬಣ್ಣ. ಒಂದು ಕಪ್ಪು ಕಲೆ ಇಲ್ಲ. ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದ ಚೌಕ ಬಟ್ಟೆಗಳು ಒಗೆದು ಒಗೆದು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿದ್ದವು. ಪಂಪಕ್ಕ ಒಂದು ಸ್ಟೂಲಿನ ಮೇಲೆ ಕೂತು, ಮೇಜಿಗೆ ಕಚ್ಚಿಸಿದ ಸಣ್ಣ ಯಂತ್ರದ ಹಿಡಿಯನ್ನು ಒತ್ತುತ್ತಿದ್ದಳು. ಅದರ ತುದಿಯಲ್ಲಿ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಬೆರಳುದ್ದದ ಒಂದು ನಾಜಲ್.

"ಅಲ್ಲೇ ನಿಲ್ಲು, ಕೈ ಮುಂದೆ ತರ್ಬೇಡ. ಇದು ಚರ್ಮದೊಳಗೆ ತೂರಿಕೊಳ್ಳುತ್ತೆ," ಎಂದು ಹಿಡಿಯನ್ನು ಒತ್ತಿದಳು.

ನಾಜಲ್ಲಿನ ತುದಿ ಹಕ್ಕಿಮರಿಯಂತೆ ಕಿರ್ ಎಂದು ಕೂಗಿತು. ಅದರ ಮೂತಿಯಿಂದ ನಾಲ್ಕು ದಿಕ್ಕಿಗೆ ನಾಲ್ಕು ಮಂಜಿನ ಗರಿಗಳು ಅರಳಿದವು. ಡೀಸೆಲ್ ಎಂದರೆ ಕೈಗೆ ಅಂಟುವ, ಬಟ್ಟೆಗೆ ಹತ್ತಿದರೆ ಮೂರು ಸಲ ಒಗೆದರೂ ಬಿಡದ ಕೊಳಕು ಎಂದಷ್ಟೇ ತಿಳಿದಿದ್ದ ಡ್ರೈವರಮ್ಮ ಬಾಯಿ ತೆರೆದು ನಿಂತಳು. ಕಿಟಕಿಯ ಬೆಳಕಿನಲ್ಲಿ ಆ ಗರಿಗಳು ಕ್ಷಣ ನಿಂತು ಇಲ್ಲವಾದವು.

"ಇದು ಒಳ್ಳೇದು," ಎಂದು ಪಂಪಕ್ಕ ಅದನ್ನು ಬಿಚ್ಚಿ ಇನ್ನೊಂದನ್ನು ಸಿಕ್ಕಿಸಿದಳು. ಅದು ಕೂಗಲಿಲ್ಲ. ಮೂತಿಯಲ್ಲಿ ಒಂದು ಹನಿ ಮೂಡಿ ತೊಟ್ಟಿಕ್ಕಿತು. "ಇದು ನೋಡು, ಜೊಲ್ಲು ಸುರಿಸ್ತಾ ಇದೆ. ಒಂದು ಧೂಳಿನ ಕಣ ಸಿಕ್ಕಿಕೊಂಡಿರುತ್ತೆ ಒಳಗೆ. ಕೂದಲು ಇದೆಯಲ್ಲ, ತಲೆಕೂದಲು, ಅದನ್ನ ಇಪ್ಪತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪ, ಅಷ್ಟೇ ಜಾಗ ಇರೋದು ಇದರೊಳಗಿನ ಸೂಜಿಗೂ ಅದರ ಗೂಡಿಗೂ ಮಧ್ಯೆ. ಸರಿ, ನಿನ್ನ ವಿಷಯ ಹೇಳು."

"ಪಂಪ್ ಬಿಚ್ಚಿಸ್ಕೊಂಡು ಬಾ ಅಂದ್ರು ಅಕ್ಕ. ಗಾಡಿ ಆಚೆ ಇದೆ."

"ಈ ಗಾಡಿ ತೊಳೆಯೋರು ಯಾರು?"

ಡ್ರೈವರಮ್ಮನಿಗೆ ಅರ್ಥವಾಗಲಿಲ್ಲ. ಯಾವ ಮೇಸ್ತ್ರಿಯೂ ಹಾಗೆ ಕೇಳಿದ್ದಿಲ್ಲ. ಎಷ್ಟು ಓಡಿದೆ, ಯಾವ ಮಾಡೆಲ್, ಓನರ್ ಯಾರು, ಇಷ್ಟೇ ಕೇಳುವುದು.

"ಯಾಕಕ್ಕ?"

"ಓನರ್‌ಗೆ ಗಾಡಿ ಹೊರಗಿನಿಂದ ಗೊತ್ತು. ಮೇಸ್ತ್ರಿಗೆ ಬಾನೆಟ್ ಒಳಗಿಂದು ಗೊತ್ತು. ತೊಳೆಯೋರಿಗೆ ಎಲ್ಲಾ ಗೊತ್ತು. ಎಲ್ಲಿ ಜಿನುಗುತ್ತೆ, ಎಲ್ಲಿ ನಾರುತ್ತೆ, ಯಾವುದು ನಿನ್ನೆ ಇರಲಿಲ್ಲ ಇವತ್ತು ಇದೆ. ಆದ್ರೆ ಅವರನ್ನ ಯಾರೂ ಕೇಳಲ್ಲ. ಅದಕ್ಕೇ ನಾನು ಅವರನ್ನೇ ಮೊದಲು ಕೇಳೋದು."

"ನಾನೇ ತೊಳೆಯೋದು," ಎಂದಳು ಡ್ರೈವರಮ್ಮ. ಆಮೇಲೆ ತನಗೇ ಗೊತ್ತಿಲ್ಲದಂತೆ ಮಾತು ಹೊರಟಿತು. ಹಳೇ ಡ್ರೈವರ್ ತೊಳೆಯುತ್ತಿರಲಿಲ್ಲ, ವಾರಕ್ಕೊಮ್ಮೆ ಯಾರೋ ನೀರು ಹೊಡೆಯುತ್ತಿದ್ದರು. ಇವಳು ಬಂದ ಮೇಲೆ ತೊಳೆಯುವುದೂ ಇವಳದೇ ಎಂದಾಯಿತು, ಯಾರೂ ಹೇಳಲಿಲ್ಲ, ಹಾಗೇ ಆಗಿಹೋಯಿತು. ಹೊರಗೆ ತೊಳೆಯುವುದು ಏನೂ ಅಲ್ಲ, ಒಳಗಿನದೇ ಕಷ್ಟ. ಮಿಷನ್ನಿನಿಂದ ಇಳಿದು ಬಂದವರಿಗೆ ತಲೆ ಸುತ್ತು, ಹೊಟ್ಟೆ ತೊಳಸು. ಅದರ ಮೇಲೆ ಹಿಂದಿನ ಕಿಟಕಿಯಿಂದ ಡೀಸೆಲ್ ವಾಸನೆ. ದಿನಕ್ಕೆ ಇಬ್ಬರು ಮೂವರು ವಾಂತಿ ಮಾಡುತ್ತಿದ್ದರು. ಎಲ್ಲರನ್ನೂ ಮನೆಗೆ ಬಿಟ್ಟು ಅವಳು ಮಂಡಿಯೂರಿ ಸೀಟಿನ ಸಂದುಗಳನ್ನು ಒರೆಸಬೇಕಿತ್ತು.

"ಈಗ ಒಂದು ತಿಂಗಳಿಂದ ಪರವಾಗಿಲ್ಲ ಅಕ್ಕ. ವಾಸನೆ ನಿಂತಿದೆ."

"ಹೇಗೆ ನಿಂತಿತು?"

"ಟ್ಯಾಂಕಿನ ಮುಚ್ಚಳದಲ್ಲಿ ಒಂದು ಸಣ್ಣ ತೂತು ಬಿದ್ದಿತ್ತು. ತಿರುವಿನಲ್ಲೆಲ್ಲ ಅಲ್ಲಿಂದ ಡೀಸೆಲ್ ಜಿನುಗ್ತಿತ್ತು. ಬಕೆಟ್ ತೂತಿಗೆ ಹಚ್ತೀವಲ್ಲ, ಕಲಸಿ ಹಚ್ಚಿದ್ರೆ ಕಲ್ಲಾಗುತ್ತಲ್ಲ ಆ ಅಂಟು, ಅದನ್ನ ಹಚ್ಚಿ ಮುಚ್ಚಿಬಿಟ್ಟೆ. ಒಳಗಿನ ರಬ್ಬರೂ ಬಿರಿದಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ಹೊಸದು ಕೂರಿಸಿದೆ. ಈಗ ಒಂದು ಹನಿ ಆಚೆ ಬರಲ್ಲ." ಅಷ್ಟು ಹೇಳುವಾಗ ಅವಳ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು.

ಪಂಪಕ್ಕ "ಹೂಂ" ಎಂದಳು. ಕನ್ನಡಕ ತೆಗೆದು ತೆಳು ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ನಿಲ್ಲೋಕೆ ಶುರುವಾಗಿದ್ದು ಯಾವಾಗಿಂದ?"

"ಮೂರು ವಾರ ಆಯ್ತು. ಮೊದಲು ಅಪರೂಪಕ್ಕೆ. ಈಗ ಪ್ರತಿ ಸಲ."

"ಪ್ರತಿ ಸಲ ಆಗಿದ್ದು ಯಾವಾಗಿಂದ?"

ಡ್ರೈವರಮ್ಮ ಯೋಚಿಸಿದಳು. "ಮ್ಯಾನೇಜರ್ ಬೈದ ಮೇಲೆ. ಟ್ಯಾಂಕ್ ಖಾಲಿ ಮಾಡ್ಕೊಂಡು ಓಡಿಸ್ತೀಯ, ಅದಕ್ಕೇ ಪೈಪಿನಲ್ಲಿ ಏರ್ ಹಿಡಿಯುತ್ತೆ, ದಿನಾ ಬಾಯಿತನಕ ತುಂಬಿಸ್ಕೋ ಅಂದ್ರು. ಅವತ್ತಿಂದ ತುಂಬಿಸ್ತಾ ಇದೀನಿ. ಇವತ್ತೂ ಬರೋ ದಾರೀಲಿ ತುಂಬಿಸ್ಕೊಂಡೇ ಬಂದೆ."

"ಅರ್ಧ ಟ್ಯಾಂಕ್ ಇದ್ದಾಗ ಚೆನ್ನಾಗಿ ಓಡ್ತಿತ್ತು, ತುಂಬಿಸಿದ ದಿನ ಬೇಗ ನಿಲ್ಲುತ್ತೆ. ಹೌದೋ ಅಲ್ವೋ?"

ಡ್ರೈವರಮ್ಮನ ಮೈ ಜುಮ್ಮೆಂದಿತು. ಹೊಟ್ಟೆ ತುಂಬ ಡೀಸೆಲ್ ಇದ್ದಾಗ ನಿಲ್ಲುವುದು, ಇಲ್ಲದಾಗ ಓಡುವುದು! ಇದು ತಲೆಕೆಳಗು ಮಾತು ಎಂದು ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ತನ್ನ ಲೆಕ್ಕವೇ ತಪ್ಪಿರಬೇಕು ಎಂದುಕೊಂಡಿದ್ದಳು. ಈ ಮುದುಕಿ ಗಾಡಿಯ ಮುಖವನ್ನೂ ನೋಡದೆ ಅದನ್ನು ಹೇಳುತ್ತಿದ್ದಾಳೆ.

"ಹೌದಕ್ಕ. ನಿಮಗೆ ಹೇಗೆ ಗೊತ್ತು?"

"ತಡಿ. ನಿಂತಾಗ ಮೇಸ್ತ್ರಿ ಬರ್ತಾನಲ್ಲ, ಬಂದು ಮೊಟ್ಟಮೊದಲು ಏನು ಮಾಡ್ತಾನೆ? ಸರಿಯಾಗಿ ನೆನಪು ಮಾಡ್ಕೊಂಡು ಹೇಳು."

"ಮೊದಲ ಸಲ ಫಿಲ್ಟರ್ ಬದಲಾಯಿಸಿದ. ಎರಡನೇ ಸಲ ಪೈಪ್ ಬಿಗಿ ಮಾಡಿ ಏರ್ ಬಿಡಿಸಿದ. ಆಮೇಲೆ…"

"ಅದಕ್ಕೂ ಮೊದಲು."

"ಅದಕ್ಕೂ ಮೊದಲು ಬೈದ. 'ಡೀಸೆಲ್ ಹಾಕಿದ್ದೀರೋ ಇಲ್ಲವೋ ಮೇಡಂ' ಅಂತ ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟು ನೋಡಿದ." ಸ್ವಲ್ಪ ತಡೆದು ಹೇಳಿದಳು. "ಪ್ರತಿ ಸಲ ನೋಡ್ತಾನೆ. ನನ್ನ ಮಾತು ನಂಬಲ್ಲ ಅವನು."

ಪಂಪಕ್ಕ ನಕ್ಕಳು. ಆ ನಗು ಹೊಟ್ಟೆಯಿಂದ ಬಂದು ಹೆಗಲು ಅಲುಗಿಸಿತು. "ನಂಬದೇ ಇದ್ದಿದ್ದೇ ಒಳ್ಳೇದಾಯ್ತು. ನಡಿ, ಗಾಡಿ ಓಡಿಸು. ನಾನು ಪಕ್ಕದಲ್ಲಿ ಕೂತಿರ್ತೀನಿ."

"ಪಂಪ್ ಬಿಚ್ಚಲ್ವಾ?"

"ಹೊಟ್ಟೆನೋವು ಅಂತ ಬಂದವರನ್ನೆಲ್ಲ ಕುಯ್ಯೋಕೆ ಆಗುತ್ತಾ?"

ಒಂದು ಸ್ಪ್ಯಾನರ್ ಕೂಡ ತೆಗೆದುಕೊಳ್ಳದೆ ಪಂಪಕ್ಕ ಹೊರಟಳು. ಪೇಪರಿನ ಹಿಂದಿನಿಂದ ಗಂಡನ ದನಿ ಬಂತು. "ಚಹಾ?"

"ಚಹಾಪುಡಿ ಡಬ್ಬ ನಲವತ್ತು ವರ್ಷದಿಂದ ಇದ್ದಲ್ಲೇ ಇದೆ," ಎಂದು ಪಂಪಕ್ಕ ಚಪ್ಪಲಿ ಮೆಟ್ಟಿದಳು.

ಊರ ಹೊರಗಿನ ರಸ್ತೆ ಹಿಡಿದರು. ವ್ಯಾನು ಚೆನ್ನಾಗಿಯೇ ಓಡುತ್ತಿತ್ತು. ಪಂಪಕ್ಕ ಕಣ್ಣು ಮುಚ್ಚಿ, ಕೈಯನ್ನು ಡ್ಯಾಶಿನ ಮೇಲೆ ಇಟ್ಟು ಕೂತಿದ್ದಳು. ಜ್ವರ ನೋಡುವವರು ಹಣೆಯ ಮೇಲೆ ಇಡುವಂಥ ಕೈ. ಎಂಟು ಕಿಲೋಮೀಟರ್ ಕಳೆದ ಮೇಲೆ ಅವಳು ಕಣ್ಣು ತೆರೆಯದೆ "ಈಗ" ಎಂದಳು. ಡ್ರೈವರಮ್ಮನ ಕಾಲಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ. ಅರ್ಧ ನಿಮಿಷವಾಯಿತು. ಆಕ್ಸಿಲರೇಟರ್ ಒತ್ತಿದರೂ ವ್ಯಾನು ಮುಗ್ಗರಿಸಿತು, ಕುಂಟಿತು, ಮರದ ಮಿಲ್ಲಿನ ಗೋಡೆಯ ಪಕ್ಕ ತೆವಳಿ ನಿಂತಿತು. ಸೆಲ್ಫ್ ಹೊಡೆದಳು. ಗರಗರ, ಅಷ್ಟೇ.

"ಸಾಕು, ಬ್ಯಾಟರಿ ಕೊಲ್ಬೇಡ. ಇಳಿ. ಟ್ಯಾಂಕಿನ ಹತ್ತಿರ ಬಾ. ಕಿವಿ ಇಡು ಇಲ್ಲಿ."

ಡ್ರೈವರಮ್ಮ ಬಗ್ಗಿ ಮುಚ್ಚಳದ ಪಕ್ಕ ಕಿವಿ ಇಟ್ಟಳು. ತಗಡು ಬೆಚ್ಚಗಿತ್ತು. ಮಿಲ್ಲಿನ ಗರಗಸ ದೂರದಲ್ಲಿ ಕೂಗುತ್ತಿತ್ತು.

"ಈಗ ನಿನ್ನ ಕೈಯಿಂದಲೇ ಮುಚ್ಚಳ ತಿರುಗಿಸು."

ಮುಚ್ಚಳ ಬರಲಿಲ್ಲ. ಯಾರೋ ಒಳಗಿನಿಂದ ಹಿಡಿದು ಎಳೆಯುತ್ತಿರುವಂತಿತ್ತು. ಎರಡೂ ಕೈ ಹಾಕಿ ತಿರುಚಿದಳು. ಸಡಿಲವಾದ ಕೂಡಲೇ ಹುಸ್ ಎಂದು ಶುರುವಾದ ಸದ್ದು ನಿಲ್ಲಲೇ ಇಲ್ಲ. ನೀರಲ್ಲಿ ಮುಳುಗಿದ್ದವರು ಮೇಲೆ ಬಂದು ಎಳೆದುಕೊಳ್ಳುವ ಉಸಿರು ಅದು. ಹೊರಗಿನ ಗಾಳಿಯೆಲ್ಲ ಆ ಬಾಯೊಳಗೆ ನುಗ್ಗುತ್ತಿತ್ತು. ಅವಳ ಕೆನ್ನೆಯ ಮೇಲಿನ ಕೂದಲೆಳೆ ಕೂಡ ಅತ್ತ ವಾಲಿತು. ಕೊನೆಗೆ ಟ್ಯಾಂಕಿನ ಹೊಟ್ಟೆಯೊಳಗೆಲ್ಲೋ ತಗಡು 'ಡಬ್' ಎಂದು ಹಿಂದಕ್ಕೆ ಉಬ್ಬಿತು. ಆಮೇಲೆ ಮೌನ.

ಪಂಪಕ್ಕ ಬಾನೆಟ್ ಎತ್ತಿ, ಡೀಸೆಲ್ ಎಳೆದು ತುಂಬುವ ಕೈಪಂಪನ್ನು ಹತ್ತು ಸಲ ಒತ್ತಿದಳು. "ಹೊಡಿ ಸೆಲ್ಫ್."

ಒಂದೇ ಏಟಿಗೆ ಇಂಜಿನ್ ಹತ್ತಿಕೊಂಡಿತು.

ಡ್ರೈವರಮ್ಮ ಸ್ಟೇರಿಂಗ್ ಹಿಡಿದು ಹಾಗೇ ಕೂತಳು. ಮೊದಲು ಅವಳಿಗೆ ಬಂದದ್ದು ಬೆರಗು. ಅಷ್ಟು ದೊಡ್ಡ ಕಬ್ಬಿಣದ ವಸ್ತು ಉಸಿರು ಕಟ್ಟಿ ನಿಂತಿತ್ತು, ಅದಕ್ಕೆ ಉಸಿರು ಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಫಿಲ್ಟರ್ ಬದಲಾಯಿಸಿದ್ದು, ಏರ್ ಬಿಡಿಸಿದ್ದು, ಒಂದೂ ಅಲ್ಲ. ಮೇಸ್ತ್ರಿ ತನ್ನನ್ನು ನಂಬದೆ ಮುಚ್ಚಳ ತೆಗೆದದ್ದೇ ಪ್ರತಿ ಸಲದ ಔಷಧಿ.

ಬೆರಗಿನ ಬೆನ್ನಿಗೇ ಮುಚ್ಚಳಕ್ಕೆ ಹಚ್ಚಿದ ಅಂಟು ನೆನಪಾಯಿತು.

"ಅಕ್ಕ, ಆ ತೂತು…"

"ಅದು ತೂತಲ್ಲ ಕಣಮ್ಮ. ಮೂಗು. ಡೀಸೆಲ್ ಹೋದಷ್ಟು ಗಾಳಿ ಒಳಗೆ ಬರಬೇಕು. ಬರದೇ ಇದ್ರೆ ಟ್ಯಾಂಕೇ ಡೀಸೆಲ್‌ನ ಬಿಗಿಯಾಗಿ ಹಿಡ್ಕೊಳ್ಳುತ್ತೆ, ಪಂಪ್ ಎಷ್ಟು ಎಳೆದರೂ ಕೊಡಲ್ಲ. ಅರ್ಧ ಟ್ಯಾಂಕಿನಲ್ಲಿ ಮೇಲೆ ಬೇಕಾದಷ್ಟು ಗಾಳಿ ಇರುತ್ತೆ, ಹೇಗೋ ಕಾಲ ತಳ್ಳುತ್ತೆ. ಬಾಯಿತನಕ ತುಂಬಿಸಿದ್ರೆ ಗಾಳಿ ಎಲ್ಲಿದೆ? ಒಂದೆರಡು ಲೀಟರ್ ಖರ್ಚಾಗೋ ಅಷ್ಟರಲ್ಲಿ ಕತ್ತು ಹಿಸುಕಿದ ಹಾಗೆ."

ಅಂದರೆ ಟೀಚರಮ್ಮನ ಪಾದ ಊದಿದ್ದು ತನ್ನ ಕೈಯಿಂದ. ಆ ಅಂಟನ್ನು ಬೆರಳಲ್ಲಿ ಒತ್ತಿ, ಉಗುರಲ್ಲಿ ಸವರಿ, ಎಷ್ಟು ಅಚ್ಚುಕಟ್ಟಾಗಿ ಕೂರಿಸಿದ್ದಳು! ಡ್ರೈವರಮ್ಮ ಅಳಲಿಲ್ಲ. ಇಂಜಿನ್ ಆಫ್ ಮಾಡಿ ಕೆಳಗಿಳಿದಳು.

"ಅಕ್ಕ, ಮ್ಯಾನೇಜರ್‌ಗೆ ಪಂಪ್ ಬಿಚ್ಚಿ ಸರಿ ಮಾಡಿದ್ವಿ ಅಂತ ಹೇಳಿಬಿಡಿ. ಇದು ಗೊತ್ತಾದ್ರೆ ಕೀ ಕಿತ್ಕೊಳ್ತಾರೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗೆ ಬಿದ್ರೆ ಬಟ್ಟೆ ಕೊಳೆ ಆಗುತ್ತೆ, ಅದನ್ನೂ ನೀನೇ ಒಗೀಬೇಕು." ಪಂಪಕ್ಕ ಮಿಲ್ಲಿನ ಗೋಡೆಯ ನೆರಳಿನಲ್ಲಿದ್ದ ಮರದ ದಿಮ್ಮಿಯ ಮೇಲೆ ಕೂತಳು. "ಬಿಚ್ಚದ ಪಂಪನ್ನ ಬಿಚ್ಚಿದೆ ಅಂತ ನಾನು ಹೇಳಲ್ಲ. ನೀನು ಮಾಡಿದ್ದನ್ನ ನಾನಾಗಿ ಹೇಳೋದೂ ಇಲ್ಲ. ಅದು ನಿನ್ನ ಬಾಯಿಗೆ ಬಿಟ್ಟಿದ್ದು. ಬಾ, ಕೂತ್ಕೋ."

ಆಮೇಲೆ ಅವಳು ಹೇಳಿದ್ದು ಜನಕ್ಕೆ ಗೊತ್ತಿಲ್ಲದ ಭಾಗ.

ಇಪ್ಪತ್ತೆರಡನೇ ವಯಸ್ಸಿಗೆ, ಬಗಲಲ್ಲಿ ಕೂಸು ಕಟ್ಟಿಕೊಂಡು ಅವಳು ದೊಡ್ಡ ಮೇಸ್ತ್ರಿಯ ಪಂಪ್ ಅಂಗಡಿಗೆ ಕಸ ಗುಡಿಸಲು ಸೇರಿದಳು. ಕೂಸನ್ನು ಖಾಲಿ ಪೆಟ್ಟಿಗೆಯಲ್ಲಿ ಮಲಗಿಸಿ ಗುಡಿಸುತ್ತಿದ್ದಳು. ಒಳಗಿನ ಗಾಜಿನ ಕೋಣೆಯಲ್ಲಿ ದೊಡ್ಡ ಮೇಸ್ತ್ರಿ ಪಂಪು ಬಿಚ್ಚುತ್ತಿದ್ದ. ಬೆಳಿಗ್ಗೆ ಅವನು ಬರುವ ಮುಂಚೆ ಆ ಕೋಣೆಯನ್ನು ಚೆನ್ನಾಗಿ ಗುಡಿಸಿಡಬೇಕು. ಅವಳು ಪೊರಕೆ ಹಿಡಿದು ಮೂಲೆಮೂಲೆ ಬಿಡದೆ ಗುಡಿಸುತ್ತಿದ್ದಳು. ಆ ಏಳು ತಿಂಗಳು ಅಂಗಡಿಯಿಂದ ಹೋದ ಪಂಪುಗಳು ಒಂದರ ಹಿಂದೆ ಒಂದು ವಾಪಸ್ಸು ಬಂದವು. ದೊಡ್ಡ ಮೇಸ್ತ್ರಿ ಬಿಡಿಭಾಗದ ಅಂಗಡಿಯವನೊಂದಿಗೆ ಜಗಳವಾಡಿದ, ಇಬ್ಬರು ಕೆಲಸಗಾರರನ್ನು ಓಡಿಸಿದ, ತನ್ನ ಕೈಯೇ ಹಾಳಾಯಿತು ಎಂದು ಊಟ ಬಿಟ್ಟ.

"ಒಂದು ದಿನ ಪೊರಕೆ ಮುರೀತು. ಒದ್ದೆ ಬಟ್ಟೆ ಹಿಡಿದು ಮಂಡಿ ಮೇಲೆ ಒರೆಸಿದೆ. ಬಟ್ಟೆ ನೋಡ್ತೀನಿ, ಕಪ್ಪಗಿದೆ. ಏಳು ತಿಂಗಳು ಗುಡಿಸಿದ ನೆಲ ಅದು! ಆಗ ಕಿಟಕಿಯಿಂದ ಬಿಸಿಲಿನ ಕೋಲು ಬಿದ್ದಿತ್ತು ಒಳಗೆ. ಅದರಲ್ಲಿ ಧೂಳು ತೇಲ್ತಾ ಇತ್ತು. ಹೊಳೀತು. ನಾನು ಗುಡಿಸ್ತಾ ಇರಲಿಲ್ಲ. ನೆಲದ ಧೂಳನ್ನ ಎಬ್ಬಿಸಿ, ಬಿಚ್ಚಿಟ್ಟ ಪಂಪಿನ ಹೊಟ್ಟೆಗೆ ತುಂಬ್ತಾ ಇದ್ದೆ."

"ಅಯ್ಯೋ," ಎಂದಳು ಡ್ರೈವರಮ್ಮ.

"ಮೂರು ತಿಂಗಳು ಸುಮ್ಮನೆ ಒರೆಸಿದೆ. ಯಾರಿಗೂ ಹೇಳಲಿಲ್ಲ. ಪಂಪ್ ವಾಪಸ್ಸು ಬರೋದು ನಿಂತುಹೋಯ್ತು. ದೊಡ್ಡ ಮೇಸ್ತ್ರಿ ಕುಣಿದಾಡಿಬಿಟ್ಟ, ಹೊಸ ಬಿಡಿಭಾಗದ ಮಹಿಮೆ ಅಂತ. ನಾನು ಬಾಯಿ ಮುಚ್ಚಿಕೊಂಡಿದ್ರೆ ಕೆಲಸ ಉಳೀತಿತ್ತು. ಆದ್ರೆ ಬಾಯಿ ಮುಚ್ಚಿದ್ರೆ, ಒರೆಸಿದ್ದು ಯಾರು ಅನ್ನೋದೂ ಮುಚ್ಚಿಹೋಗುತ್ತಲ್ಲ! ಗುಡಿಸಿ ಹಾಳು ಮಾಡಿದ್ದೂ ನಾನೇ, ಒರೆಸಿ ಸರಿ ಮಾಡಿದ್ದೂ ನಾನೇ. ಒಂದನ್ನ ಹೇಳಿ ಇನ್ನೊಂದನ್ನ ಬಿಡೋಕಾಗಲ್ಲ. ಹೋಗಿ ಎರಡೂ ಹೇಳಿದೆ."

"ಏನಂದ್ರು?"

"ಎರಡು ದಿನ ಮಾತಾಡಲಿಲ್ಲ. ಹೆಂಡತಿ ಸತ್ತಾಗಲೂ ಅಷ್ಟು ಹೊತ್ತು ಸುಮ್ಮನಿರಲಿಲ್ಲವಂತೆ. ಮೂರನೇ ದಿನ ಒಂದು ಸ್ಟೂಲ್ ತಂದು ತನ್ನ ಪಕ್ಕ ಹಾಕಿದ. 'ಕಣ್ಣು ಚೆನ್ನಾಗಿದೆ ನಿಂದು, ಕೂತ್ಕೋ' ಅಂದ. ಎಲ್ಲರೂ ಹಾಗೆ ಸ್ಟೂಲ್ ಹಾಕ್ತಾರೆ ಅಂತ ನಾನು ಹೇಳ್ತಿಲ್ಲ, ತಿಳ್ಕೋ. ಒದ್ದು ಓಡಿಸೋರೂ ಇರ್ತಾರೆ."

ಡ್ರೈವರಮ್ಮ ಆ ಸಣ್ಣ ಹೆಂಗಸನ್ನು ನೋಡಿದಳು. ಕೂದಲಿನ ಇಪ್ಪತ್ತನೇ ಸೀಳನ್ನು ಅಳೆಯುವ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ನೆಲ ಒರೆಸಿದ ಮಂಡಿಗಳಿಂದ ಶುರುವಾಗಿ ಎಲ್ಲಿಗೆ ಮುಟ್ಟಿದ್ದವು ಆ ಕೈಗಳು!

"ಇನ್ನೊಂದು ಮಾತು," ಎಂದು ಪಂಪಕ್ಕ ಎದ್ದಳು. "ವಾಸನೆನೂ ಗಾಡಿಯ ಕಾಯಿಲೆನೇ. ನಿನಗಿಂತ ಮುಂಚೆನೇ ಇತ್ತು. ಒಬ್ಬ ಗಂಡಸಿಗೂ ಅದು ಕಾಯಿಲೆ ಅಂತ ಕಾಣಲಿಲ್ಲ, ಯಾಕಂದ್ರೆ ಒರೆಸ್ತಾ ಇದ್ದದ್ದು ಅವರಲ್ಲ. ನೀನು ಕಂಡುಹಿಡಿದಿದ್ದು ಸರಿ, ಹಾಕಿದ ಮದ್ದು ತಪ್ಪು. ಮನೆಗೆ ನಡಿ, ಸರಿಯಾದ ಮದ್ದು ತೋರಿಸ್ತೀನಿ."

ಮನೆಗೆ ಬಂದು ಸಣ್ಣ ಸೂಜಿಯಿಂದ ಅಂಟನ್ನು ಒಂದೊಂದೇ ಚೂರಾಗಿ ಕೆದಕಿದರು. ಉಳಿದ ಚೂರುಗಳು ಆಮೇಲೆ ಟ್ಯಾಂಕಿಗೆ ಬೀಳದಂತೆ ಮುಚ್ಚಳವನ್ನು ಬೋರಲು ಹಿಡಿದು ತೊಳೆದರು. ತೂತಿಗೆ ಒಂದು ತೆಳು ಕೊಳವೆ ಕೂರಿಸಿ, ಅದನ್ನು ಕಿಟಕಿಯಿಂದ ದೂರ, ಚಾಸಿಯ ಕೆಳಕ್ಕೆ ಇಳಿಸಿ, ತುದಿಯನ್ನು ನೆಲದ ಕಡೆ ಬಾಗಿಸಿ ಕಟ್ಟಿದರು. ಉಸಿರಾಟ ಆಗಬೇಕು, ವಾಸನೆ ಒಳಗೆ ಬರಬಾರದು. ಕೆಲಸ ಮುಗಿಯುವ ಹೊತ್ತಿಗೆ ಪಂಪಕ್ಕನ ಗಂಡ ಎರಡು ಲೋಟ ಚಹಾ ಹಿಡಿದು ಗಾಜಿನ ಬಾಗಿಲ ಆಚೆ ನಿಂತಿದ್ದ. ಸಕ್ಕರೆ ಹಾಕಿರಲಿಲ್ಲ. ಇಬ್ಬರೂ ಒಂದು ಹನಿ ಬಿಡದೆ ಕುಡಿದರು.

ಸೋಮವಾರ ಬೆಳಿಗ್ಗೆ ಆರೂವರೆಗೆ ಏಳು ಜನ ವ್ಯಾನಿನಲ್ಲಿ ಕೂತಿದ್ದರು. ಡ್ರೈವರಮ್ಮ ಬರುವ ದಾರಿಯಲ್ಲಿ ಟ್ಯಾಂಕನ್ನು ಬಾಯಿತನಕ ತುಂಬಿಸಿದ್ದಳು. ಮ್ಯಾನೇಜರ್ ಗೇಟಿನ ಹತ್ತಿರ ನಿಂತು "ಪಂಪ್ ಬಿಚ್ಚಿದ್ರಾ?" ಎಂದ.

ಹೌದು ಎಂದರೆ ಎಲ್ಲ ಮುಗಿಯುತ್ತಿತ್ತು.

"ಇಲ್ಲ ಸಾರ್. ಪಂಪ್ ಚೆನ್ನಾಗಿದೆ. ಟ್ಯಾಂಕಿಗೆ ಗಾಳಿ ಹೋಗೋ ತೂತನ್ನ ನಾನೇ ಮುಚ್ಚಿದ್ದೆ. ಡೀಸೆಲ್ ವಾಸನೆಗೆ ಇವರೆಲ್ಲ ವಾಂತಿ ಮಾಡ್ತಿದ್ರು, ಅದಕ್ಕೆ. ಅದರಿಂದಲೇ ಗಾಡಿ ನಿಲ್ತಾ ಇದ್ದಿದ್ದು. ಈಗ ಸರಿ ಮಾಡಿದ್ದೀವಿ. ವಾಸನೆನೂ ಇಲ್ಲ."

ಮ್ಯಾನೇಜರನ ಮುಖ ಕೆಂಪಾಯಿತು. "ಅಂದ್ರೆ ಮೂರು ವಾರ ನಿನ್ನ ಕೈಚಳಕಕ್ಕೆ ಏಳು ಜನ ರಸ್ತೇಲಿ ಕೂತಿದ್ರು ಅನ್ನು."

"ಹೌದು ಸಾರ್."

"ಹೇಳ್ತಿದ್ದೀಯಲ್ಲ, ನಾಚಿಕೆ ಇಲ್ಲದೆ!"

ವ್ಯಾನಿನ ಕಿಟಕಿಯಿಂದ ಟೀಚರಮ್ಮನ ತಲೆ ಹೊರಗೆ ಬಂತು. "ಬಾಯಿತನಕ ತುಂಬಿಸು ಅಂತ ಹೇಳಿದ ಜಾಣ ಯಾರಪ್ಪ? ಅವನನ್ನೂ ಕರಿ, ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸ್ತೀನಿ."

ಒಳಗೆ ಯಾರೋ ನಕ್ಕರು. ಮ್ಯಾನೇಜರ್ ಮುಂದಿನ ಬಾಗಿಲು ತೆಗೆದು ಡ್ರೈವರಮ್ಮನ ಪಕ್ಕದ ಸೀಟಿನಲ್ಲಿ ಧಡ್ ಎಂದು ಕೂತ. "ನಡಿ. ನಾನೂ ಬರ್ತೀನಿ. ಗಾಡಿ ನಿಂತರೆ, ನಿಂತ ಜಾಗದಲ್ಲೇ ಕೀ ಕೊಟ್ಟು ಇಳಿ."

ಹದಿಮೂರನೇ ಕಿಲೋಮೀಟರ್ ದಾಟಿತು. ಡ್ರೈವರಮ್ಮ ಮೈಯೆಲ್ಲ ಕಿವಿಯಾಗಿದ್ದಳು. ಹದಿನಾಲ್ಕು. ಶುಕ್ರವಾರ ನಿಂತಿದ್ದ ಸೇತುವೆ ಬಂತು. ಇಂಜಿನ್ ಒಂದೇ ಸಮ ಗುಂಯ್ ಎನ್ನುತ್ತಿತ್ತು. ಸೇತುವೆ ಹಿಂದೆ ಸರಿಯಿತು. ಬುಧವಾರ ಕೂತಿದ್ದ ಇಟ್ಟಿಗೆ ಗೂಡು ಬಂತು, ಹೋಯಿತು. ಏರು ಬಂತು. ಮೂರನೇ ಗೇರಿಗೆ ಹಾಕಿದಳು. ವ್ಯಾನು ಏಳು ಜನರನ್ನೂ ಒಬ್ಬ ಮ್ಯಾನೇಜರನನ್ನೂ ಹೊತ್ತು ಏರಿನ ನೆತ್ತಿ ಹತ್ತಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಕಿಟಕಿಯ ಪಕ್ಕ ಟೀಚರಮ್ಮ ಬಾಯಿ ತೆರೆದು ನಿದ್ದೆ ಹೋಗಿದ್ದರು.

ಆಸ್ಪತ್ರೆಯ ಬಾಗಿಲಲ್ಲಿ ಅವಳು ಎಂದಿನಂತೆ ಇಳಿದು ಒಬ್ಬೊಬ್ಬರನ್ನೇ ಇಳಿಸಿದಳು. ಒಬ್ಬರ ಕಂಕುಳಿಗೆ ಕೈ, ಇನ್ನೊಬ್ಬರಿಗೆ ಹೆಗಲು, ಮತ್ತೊಬ್ಬರ ಚಪ್ಪಲಿ. ಹನ್ನೆರಡು ನಿಮಿಷ ಹಿಡಿಯಿತು. ಮ್ಯಾನೇಜರ್ ಅದನ್ನು ಹಿಂದೆಂದೂ ನೋಡಿರಲಿಲ್ಲ. ಏನು ಮಾಡಬೇಕು ತಿಳಿಯದೆ ಯಾರದೋ ಚೀಲ ಹಿಡಿದು ನಿಂತಿದ್ದ.

ಎಲ್ಲರೂ ಒಳಗೆ ಹೋದ ಮೇಲೆ ಡ್ರೈವರಮ್ಮ ಟ್ಯಾಂಕಿನ ಕಡೆ ನಡೆದಳು. "ಬಗ್ಗಿ ಕಿವಿ ಇಡಿ ಸಾರ್," ಎಂದು ಮುಚ್ಚಳ ತಿರುಗಿಸಿದಳು. ಅದು ಬೆಣ್ಣೆಯಂತೆ ತಿರುಗಿತು.

ಮ್ಯಾನೇಜರ್ ಬಗ್ಗಿ ಕೇಳಿದ. "ಏನೂ ಕೇಳಿಸ್ತಿಲ್ವಲ್ಲ."

"ಅದೇ ಸಾರ್."

ಅವನು ನೆಟ್ಟಗೆ ನಿಂತು ಶರ್ಟು ಸರಿಮಾಡಿಕೊಂಡ. ಆಸ್ಪತ್ರೆಯ ಬಾಗಿಲು ನೋಡಿದ, ವ್ಯಾನು ನೋಡಿದ. "ಬುಧವಾರದಿಂದ ಇನ್ನೊಬ್ಬರು ಸೇರ್ತಾರೆ. ಅವರಿಗೆ ನಡೆಯೋಕೆ ಆಗಲ್ಲ. ಹತ್ತಿಸ್ಕೋತೀಯಾ?"

"ಹತ್ತಿಸ್ಕೋತೀನಿ," ಎಂದಳು ಡ್ರೈವರಮ್ಮ. ಬಾಯಿ ಒಮ್ಮೆ ತೆರೆದಾಗಿತ್ತು, ಮುಚ್ಚುವ ಮನಸ್ಸಾಗಲಿಲ್ಲ. "ಗಾಡಿ ಒಳಗೆ ತೊಳೆಯೋಕೆ ಒಬ್ಬರನ್ನ ಕೊಡಿ ಸಾರ್. ಓಡಿಸೋದು, ಎತ್ತಿ ಇಳಿಸೋದು ನನ್ನ ಕೆಲಸ. ಒರೆಸೋದು ಬೇರೆ ಕೆಲಸ. ಅದಕ್ಕೂ ಸಂಬಳ ಇರ್ಬೇಕು."